ಸಂಖ್ಯಾಶಾಸ್ತ್ರಕ್ಕೆ ಯಾವ ಊರು?

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿ ಎಂಬ ಹಳೆಯ ಊರುಂಟು. ಅಲ್ಲಿಯ 1058ರ ಶಾಸನವೊಂದು ಆ ಕಾಲದ ಘಟಿಕಾಸ್ಥಾನದ ವಿವರವನ್ನು ಬಿಡಿಸಿ ಹೇಳುತ್ತದೆ. ವೇದ ಓದುವ ವಿದ್ಯಾರ್ಥಿಗಳು 200 ಮಂದಿ. ಶಾಸ್ತ್ರ ಓದುವವರು ಬೇರೆ. ಭಾಟ್ಟದರ್ಶನ, ಪ್ರಾಭಾಕರ, ನ್ಯಾಸ ಇವುಗಳಿಗೆ ಬೇರೆಬೇರೆ ಉಪಾಧ್ಯಾಯರು. ಪುಸ್ತಕಭಂಡಾರವನ್ನು ನೋಡಿಕೊಳ್ಳಲು 6 ಮಂದಿ. ಇವರೆಲ್ಲರ ಅಶನವಸನಗಳಿಗೆ ಬಿಟ್ಟ ಭೂಮಿ. ಓದುವುದಕ್ಕೆಂದು ಮನೆ ಬಿಟ್ಟು ಹೊರಡುವವನಿಗೆ ಮುಖ್ಯವಾಗಿ ತಿಳಿಯಬೇಕಾದದ್ದು ಮೂರು ಸಂಗತಿ: ಹೇಳಿಕೊಡುವವರು ಯಾರು, ಓದುವುದಕ್ಕೆ ಏನಿದೆ, ಅನ್ನ ಎಲ್ಲಿಂದ. ಈ ಮೂರೂ ಆ ಕಲ್ಲಿನ ಮೇಲೆ ಇವೆ.

ಈಗಿನ ವಿಶ್ವವಿದ್ಯಾಲಯಗಳು ತಮ್ಮ ವಿಷಯವಾಗಿ ಸಾವಿರಾರು ಪುಟ ಬರೆದುಕೊಳ್ಳುತ್ತವೆ. ಆದರೆ ಈ ಮೂರು ಸಂಗತಿಗಳನ್ನು ಅಲ್ಲಿ ಹುಡುಕಿ ತೆಗೆಯುವುದು ಕಡಲೆಯಲ್ಲಿ ಕಲ್ಲು ಆರಿಸಿದಂತೆ. ದೇವದುರ್ಗ ತಾಲ್ಲೂಕಿನ ಮಸರಕಲ್ಲಿನ ವಿದ್ಯಾರ್ಥಿನಿಯೊಬ್ಬಳು ಇದನ್ನು ನನಗೆ ಮನಗಾಣಿಸಿದಳು. ಬಿ.ಎಸ್ಸಿ. ತರಗತಿಯಲ್ಲಿ ನನ್ನ ಹತ್ತಿರ ಕನ್ನಡ ಓದಿದವಳು; ಆಮೇಲೆ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಳು. ಡಾಕ್ಟರೇಟು ಮಾಡಬೇಕೆಂಬ ಹಂಬಲ. "ಸರ್ರ, ನಲವತ್ತು ಯೂನಿವರ್ಸಿಟಿ ಹೆಸರು ಬರ್ಕೊಂಡೀನ್ರಿ. ಏಳಕ್ಕ ಆಗೋ ಅಷ್ಟೇ ರೊಕ್ಕ ಅದರಿ. ಯಾವ ಏಳು ಹಾಕ್ಲಿ?" ಎಂದಳು. ಅಮೆರಿಕದ ಒಂದೊಂದು ಅರ್ಜಿಗೂ ಸಾಮಾನ್ಯವಾಗಿ 70ರಿಂದ 100 ಡಾಲರ್‌ವರೆಗೆ ಶುಲ್ಕ. ಇಂಗ್ಲಿಷ್ ಪರೀಕ್ಷೆಯ ಖರ್ಚು ಬೇರೆ. ಹತ್ತಿ ಬೆಳೆಯುವ ಒಂದು ಸಂಸಾರಕ್ಕೆ ಇದು ಸಣ್ಣ ಮಾತಲ್ಲ. ಜೊತೆಗೆ ಇನ್ನೊಂದು ತೊಡಕು: ಶುದ್ಧ ಸಂಖ್ಯಾಶಾಸ್ತ್ರವೋ, ಜೀವಸಂಖ್ಯಾಶಾಸ್ತ್ರವೋ?

ಲೆಕ್ಕದ ವಿದ್ಯೆಯಲ್ಲಿ ಕನ್ನಡದ ಅಧ್ಯಾಪಕ ಹೇಳತಕ್ಕದ್ದು ಹೆಚ್ಚೇನೂ ಇಲ್ಲ. ಆದರೆ ಆ ವಿದ್ಯೆಗೂ ಒಂದು ಚರಿತ್ರೆ ಉಂಟು, ಚರಿತ್ರೆಯನ್ನು ಯಾರು ಬೇಕಾದರೂ ಓದಬಹುದು. ಹಿಂದಿನವರು ಊರನ್ನು ಹೇಗೆ ಆರಿಸಿಕೊಂಡರು? ಅಥವಾ, ಊರೇ ಅವರನ್ನು ಹೇಗೆ ಆರಿಸಿಕೊಂಡಿತು? ಆ ಕಥೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರಕ್ಕೇ ಮೀಸಲಾದ ಮೊದಲ ವಿಭಾಗವನ್ನು 1911ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಾರ್ಲ್ ಪಿಯರ್ಸನ್ ಕಟ್ಟಿದರು. ಅವರ ಆಸಕ್ತಿಯೆಲ್ಲ ಜೀವಿಗಳ ಅಳತೆಯ ಮೇಲೆ: ತಂದೆಯ ಎತ್ತರಕ್ಕೂ ಮಗನ ಎತ್ತರಕ್ಕೂ ಏನು ಸಂಬಂಧ, ತಲೆಬುರುಡೆಗಳಲ್ಲಿ ಎಷ್ಟು ವ್ಯತ್ಯಾಸ, ಇತ್ಯಾದಿ. ಆದಕಾರಣ ಇಂದು ನಾವು ಎರಡೆಂದು ಎಣಿಸುವ ಸಂಖ್ಯಾಶಾಸ್ತ್ರ ಮತ್ತು ಜೀವಸಂಖ್ಯಾಶಾಸ್ತ್ರಗಳು ಹುಟ್ಟುವಾಗ ಒಂದೇ ತೊಟ್ಟಿಲಲ್ಲಿದ್ದವು. ಪಿಯರ್ಸನ್ 1933ರಲ್ಲಿ ನಿವೃತ್ತರಾದಾಗ ಅವರ ವಿಭಾಗವನ್ನು ಎರಡಾಗಿ ಸೀಳಲಾಯಿತು. ಗಾಲ್ಟನ್ ಪೀಠ ಆರ್. ಎ. ಫಿಷರ್ ಅವರಿಗೆ ಹೋಯಿತು. ಸಂಖ್ಯಾಶಾಸ್ತ್ರ ವಿಭಾಗ ಪಿಯರ್ಸನ್ನರ ಮಗ ಎಗಾನ್ ಪಿಯರ್ಸನ್ ಅವರಿಗೆ. ಎರಡೂ ಒಂದೇ ಕಟ್ಟಡದಲ್ಲಿ, ಬೇರೆ ಬೇರೆ ಅಂತಸ್ತುಗಳಲ್ಲಿ. ಎರಡು ಪಂಗಡಗಳಿಗೂ ಮಾತುಕತೆ ಎಷ್ಟು ಕಡಿಮೆಯೆಂದರೆ ಒಬ್ಬರು ಚಹಾ ಕುಡಿದು ಎದ್ದ ಮೇಲೆ ಇನ್ನೊಬ್ಬರು ಬಂದು ಕೂರುತ್ತಿದ್ದರಂತೆ. ನಮ್ಮ ನಾಗಾವಿಯಲ್ಲಿ ಭಾಟ್ಟರೂ ಪ್ರಾಭಾಕರರೂ ಒಂದೇ ಸೂರಿನಡಿ ಪಾಠ ಹೇಳುತ್ತಿದ್ದರಷ್ಟೆ. ಅವರ ಊಟದ ಪಂಕ್ತಿಯ ವಿಷಯ ಶಾಸನ ಹೇಳುವುದಿಲ್ಲ.

ಅದೇ ವರ್ಷ, 1933ರಲ್ಲಿ, ಸಾತಾರಾ ಜಿಲ್ಲೆಯ ಹಳ್ಳಿಯಿಂದ ಬಂದ ಪಿ. ವಿ. ಸುಖಾತ್ಮೆ ಲಂಡನ್ನಿನ ಆ ಕಾಲೇಜಿಗೆ ಸೇರಿದರು, 1936ರಲ್ಲಿ ಪಿಎಚ್.ಡಿ. ಪಡೆದರು. ಮುಂದೆ ಭಾರತದ ಕೃಷಿ ಸಂಖ್ಯಾಶಾಸ್ತ್ರವನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು. "ಲಂಡನ್ನಿಗೆ ಹೋದರು" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಆ ದಿನ ಲಂಡನ್ನಿಗೆ ಹೋದವನಿಗೆ ನಿಜವಾದ ಪ್ರಶ್ನೆ ಯಾವ ಊರು ಎಂಬುದಲ್ಲ, ಯಾವ ಅಂತಸ್ತು ಎಂಬುದು. ವಿಶ್ವವಿದ್ಯಾಲಯದ ಹೆಸರು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಅಮೆರಿಕದಲ್ಲಿ ಈ ಎರಡು ಕವಲುಗಳು ಇನ್ನೂ ಸ್ಪಷ್ಟವಾಗಿ ಬೇರೆಯಾದವು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ರೇಮಂಡ್ ಪರ್ಲ್ 1918ರಲ್ಲಿಯೇ ಜನನ ಮರಣ ಮತ್ತು ಜೀವಮಾಪನದ ವಿಭಾಗವನ್ನು ತೆರೆದರು. ಉತ್ತರ ಕ್ಯಾರೊಲಿನಾದ ಚಾಪೆಲ್ ಹಿಲ್ ಎಂಬ ಸಣ್ಣ ಊರಿನಲ್ಲಿ 1946ರಲ್ಲಿ ಹೆರಾಲ್ಡ್ ಹೋಟೆಲಿಂಗ್ ಗಣಿತದ ಹಾದಿಯ ಸಂಖ್ಯಾಶಾಸ್ತ್ರ ವಿಭಾಗವನ್ನು ಕಟ್ಟಿದರೆ, ಅದೇ ಊರಿನ ಆರೋಗ್ಯ ಶಾಲೆಯಲ್ಲಿ 1949ರಲ್ಲಿ ಜೀವಸಂಖ್ಯಾಶಾಸ್ತ್ರದ ವಿಭಾಗ ಹುಟ್ಟಿತು. ಇಂದಿಗೂ ಬಹುಮಟ್ಟಿಗೆ ಇದೇ ಏರ್ಪಾಡು. ಒಂದು ಕಡೆ ಪ್ರಮೇಯಗಳನ್ನು ಸಾಧಿಸುವ ಗಣಿತ ಮುಂದು. ಇನ್ನೊಂದು ಕಡೆ ರೋಗಿ, ಔಷಧ, ಆಯುಸ್ಸು, ಅನುವಂಶಿಕತೆಗಳಿಂದ ಎದ್ದ ಪ್ರಶ್ನೆ ಮುಂದು. ಮೇಲುಕೀಳಿನ ಮಾತು ಇದರಲ್ಲಿಲ್ಲ. ಬೆಳಗ್ಗೆ ಎದ್ದು ಯಾರ ಜೊತೆ ಕುಳಿತು ಕೆಲಸ ಮಾಡಬೇಕು, ಗಣಿತಜ್ಞರ ಜೊತೆಯೋ ವೈದ್ಯರ ಜೊತೆಯೋ, ಎಂಬುದಷ್ಟೇ ವ್ಯತ್ಯಾಸ.

ಈಗ ನಮ್ಮ ನಾಡಿನ ಕಡೆ ತಿರುಗೋಣ. 1940ರ ಸುಮಾರಿನಲ್ಲಿ ಕನ್ನಡ ನಾಡು ಹರಿದು ಹಂಚಿಹೋಗಿತ್ತು. ವಿದ್ಯೆಯ ಹಾದಿಯೂ ಹಾಗೆಯೇ. ಮೈಸೂರು ಸಂಸ್ಥಾನದವರಿಗೆ 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ, ಧಾರವಾಡ, ಬೆಳಗಾವಿಯವರಿಗೆ ಮುಂಬಯಿ, ಮಂಗಳೂರಿನವರಿಗೆ ಮದರಾಸು. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಯವರಿಗೆ ಹೈದರಾಬಾದಿನ ಉಸ್ಮಾನಿಯಾ. 1918ರಲ್ಲಿ ಸ್ಥಾಪನೆಯಾದ ಅದರ ಬೋಧನಾಭಾಷೆ ಆಗ ಉರ್ದು. ಮಸರಕಲ್ಲಿನ ಹುಡುಗನೊಬ್ಬ ಮನೆಯಲ್ಲಿ ಕನ್ನಡ ಆಡಿ, ಉನ್ನತ ವಿದ್ಯೆಗಾಗಿ ಉರ್ದುವಿನಲ್ಲಿ ಗಣಿತ ಓದಬೇಕಿತ್ತು. ತುಂಗಭದ್ರೆಯನ್ನು ದಾಟಿದರೆ ಬಳ್ಳಾರಿ ಜಿಲ್ಲೆ, ಅಲ್ಲಿ ಮದರಾಸು ಸರ್ಕಾರ. ಯಾವ ವಿಶ್ವವಿದ್ಯಾಲಯ ಎಂಬುದನ್ನು ಹುಡುಗರು ಆರಿಸುತ್ತಿರಲಿಲ್ಲ, ಗಡಿ ಆರಿಸುತ್ತಿತ್ತು.

ಆ ಬಳ್ಳಾರಿ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಒಂದು ಮಗು ಹುಟ್ಟಿತು. ತಂದೆ ಪೋಲಿಸ್ ಇಲಾಖೆಯಲ್ಲಿ ಅಧಿಕಾರಿ, ಮನೆಮಾತು ತೆಲುಗು. ಎಂಟನೆಯ ಮಗುವಾದದ್ದರಿಂದ ದೇವಕಿಯ ಎಂಟನೆಯ ಮಗನ ನೆನಪಿಗೆ ರಾಧಾಕೃಷ್ಣನೆಂದು ಹೆಸರಿಟ್ಟರು. ಈತನೇ ಮುಂದೆ ಲೋಕವಿಖ್ಯಾತರಾದ ಸಿ. ಆರ್. ರಾವ್. ತಂದೆಗೆ ವರ್ಗವಾದಂತೆಲ್ಲ ಸಂಸಾರ ಆಂಧ್ರದ ಊರೂರು ತಿರುಗಿತು. ರಾವ್ ಅವರ ಶಾಲೆ ಕಾಲೇಜುಗಳೆಲ್ಲ ಆ ಸೀಮೆಯಲ್ಲೇ ಆದವು. ಹಡಗಲಿಯವರು ಅವರನ್ನು ನಮ್ಮವರೆನ್ನುವುದಕ್ಕೆ ಜನ್ಮಭೂಮಿಯ ಹಕ್ಕು ಸಾಕು. ಅದಕ್ಕಿಂತ ಹೆಚ್ಚು ಹಕ್ಕನ್ನು ಸಾಧಿಸುವುದು ಸತ್ಯಕ್ಕೆ ದೂರ.

ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮುಗಿಸಿದ ರಾವ್, ಅಲ್ಲಿಯೇ ಸಂಶೋಧನೆ ಮಾಡಬೇಕೆಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದರು. ಅರ್ಜಿ ತಡವಾಗಿ ತಲುಪಿತೆಂದು ತಿರಸ್ಕೃತವಾಯಿತು. ಸೈನ್ಯದ ಸರ್ವೆ ಶಾಖೆಯಲ್ಲಿ ಗಣಿತ ಬಲ್ಲವರು ಬೇಕೆಂಬ ಪ್ರಕಟಣೆ ಕಂಡು ಕಲ್ಕತ್ತೆಗೆ ಹೋದರು. ಆ ಕೆಲಸವೂ ಕೈಗೂಡಲಿಲ್ಲ. ಆದರೆ ಅಲ್ಲಿ ಭೇಟಿಯಾದ ಒಬ್ಬರು, ತಾವು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿರುವುದಾಗಿ ಹೇಳಿದರು. 1941ರ ಜನವರಿ 1ರಂದು ರಾವ್ ಆ ಸಂಸ್ಥೆಗೆ ಸೇರಿದರು.

ಆ ಸಂಸ್ಥೆಯ ಹುಟ್ಟೂ ಒಂದು ಸೋಜಿಗದ ಕಥೆಯೇ. ಪ್ರಶಾಂತಚಂದ್ರ ಮಹಾಲನೋಬಿಸ್ 1915ರಲ್ಲಿ ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರ ಮುಗಿಸಿ ಊರಿಗೆ ಹೊರಟಾಗ ಯುದ್ಧದ ದೆಸೆಯಿಂದ ಹಡಗು ತಡವಾಯಿತು. ಕಿಂಗ್ಸ್ ಕಾಲೇಜಿನ ಪುಸ್ತಕಾಲಯದಲ್ಲಿ ಕಾಲ ಕಳೆಯುತ್ತಿದ್ದ ಅವರಿಗೆ ಉಪಾಧ್ಯಾಯ ಮೆಕಾಲೆಯವರು ಪಿಯರ್ಸನ್ನರ ಬಯೊಮೆಟ್ರಿಕಾ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಮಹಾಲನೋಬಿಸ್ ಪೂರ್ತಿ ಸಂಪುಟಗಳನ್ನು ಕೊಂಡು, ಹಡಗಿನಲ್ಲಿ ಓದುತ್ತಾ ಬಂದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಈ ಹೊಸ ವಿದ್ಯೆಯ ಬೀಜ ಬಿತ್ತಿದರು. 1931ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಒಂದು ಪುಸ್ತಕಭಂಡಾರ ಮತ್ತು ಅದನ್ನು ತೋರಿಸಿಕೊಟ್ಟ ಒಬ್ಬ ಉಪಾಧ್ಯಾಯ: ಭಾರತದ ಸಂಖ್ಯಾಶಾಸ್ತ್ರದ ಮೂಲ ಬಂಡವಾಳ ಇಷ್ಟೇ.

ಸಂಸ್ಥೆಗೆ ಆಗ ಪದವಿ ಕೊಡುವ ಅಧಿಕಾರವಿರಲಿಲ್ಲ. ಅದು ಬಂದದ್ದು 1959ರ ಶಾಸನದಿಂದ. ಆದರೆ 1941ರಲ್ಲಿ ಕಲ್ಕತ್ತೆ ವಿಶ್ವವಿದ್ಯಾಲಯ ದೇಶದಲ್ಲೇ ಮೊದಲ ಬಾರಿಗೆ ಸಂಖ್ಯಾಶಾಸ್ತ್ರದ ಎಂ.ಎ. ತರಗತಿ ತೆರೆಯಿತು. ರಾವ್ ಅದರ ಮೊದಲ ತಂಡದವರು. 1943ರಲ್ಲಿ ಪ್ರಥಮ ಸ್ಥಾನದಲ್ಲಿ ತೇರ್ಗಡೆಯಾದರು. ಆಮೇಲೆ ಅಲ್ಲಿಯೇ ಪಾಠ ಹೇಳುತ್ತಿದ್ದಾಗ, ಮುಂದೆ ಅರ್ಥಶಾಸ್ತ್ರಜ್ಞರೆಂದು ಹೆಸರಾದ ವಿ. ಎಂ. ದಾಂಡೇಕರ್ ವಿದ್ಯಾರ್ಥಿಯಾಗಿ ಕುಳಿತು ಒಂದು ಪ್ರಶ್ನೆ ಕೇಳಿದರು. ಅಂದಾಜು ಎಷ್ಟು ನಿಖರವಾಗಿರಬಲ್ಲದು ಎಂಬ ಬಗ್ಗೆ ದೊಡ್ಡ ಮಾದರಿಗಳಿಗೆ ಫಿಷರ್ ಹೇಳಿದ ಮಾತು ಸಣ್ಣ ಮಾದರಿಗಳಿಗೂ ಸಲ್ಲುತ್ತದೆಯೇ? ಅದರ ಉತ್ತರವನ್ನು ಹುಡುಕಿ ಹೊರಟದ್ದೇ 1945ರ ಪ್ರಸಿದ್ಧ ಲೇಖನ. ಇಂದು ಕ್ರಾಮೆರ್-ರಾವ್ ಮಿತಿ ಎಂದು ಲೋಕವೆಲ್ಲ ಓದುವ ಫಲಿತಾಂಶ. ಗಮನಿಸಬೇಕಾದ ಸಂಗತಿಯೆಂದರೆ ಆಗ ರಾವ್ ಅವರಿಗೆ ಡಾಕ್ಟರೇಟು ಆಗಿರಲೇ ಇಲ್ಲ. ಒಳ್ಳೆಯ ಪ್ರಶ್ನೆ ಕೇಳುವ ವಿದ್ಯಾರ್ಥಿಗಳು ಪಕ್ಕದಲ್ಲಿದ್ದರು, ಅದು ಸಾಕಾಯಿತು.

ಡಾಕ್ಟರೇಟು ಬಂದ ಬಗೆ ಇನ್ನೂ ವಿಶೇಷ. ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪುರಾತನ ಅಸ್ಥಿಗಳು ಕೇಂಬ್ರಿಜ್ ವಸ್ತುಸಂಗ್ರಹಾಲಯದಲ್ಲಿದ್ದವು. ಆ ಜನ ಯಾವ ಜನಾಂಗಕ್ಕೆ ಹತ್ತಿರದವರು? ಇಂಥ ಪ್ರಶ್ನೆಗಾಗಿಯೇ ಮಹಾಲನೋಬಿಸ್ ಎರಡು ಗುಂಪುಗಳ ನಡುವಣ ಅಂತರವನ್ನು ಅಳೆಯುವ ಒಂದು ಮಾನವನ್ನು ಕಂಡುಹಿಡಿದಿದ್ದರು. ಅದನ್ನು ಬಲ್ಲವರನ್ನು ಕಳಿಸಿರೆಂದು ಕೇಂಬ್ರಿಜ್‌ನಿಂದ ಕರೆ ಬಂತು. 1946ರಲ್ಲಿ ರಾವ್ ಹಡಗು ಹತ್ತಿದರು. ಹಗಲು ಮೂಳೆಗಳ ಅಳತೆ, ಅದೇ ಜೀವನೋಪಾಯ. ಜೊತೆಗೆ ಫಿಷರ್ ಅವರ ಕೈಕೆಳಗೆ ಪಿಎಚ್.ಡಿ.ಗೆ ನೋಂದಣಿ. ಫಿಷರ್ ಆಗ ಕೇಂಬ್ರಿಜ್‌ನಲ್ಲಿ ಯಾವ ವಿಷಯದ ಪ್ರಾಧ್ಯಾಪಕರು? ತಳಿಶಾಸ್ತ್ರದ! ರಾವ್ ತಮ್ಮ ಪ್ರಯೋಗಶಾಲೆಯಲ್ಲಿ ಇಲಿಗಳ ತಳಿ ಪ್ರಯೋಗದಲ್ಲೂ ದುಡಿಯಬೇಕೆಂಬುದು ಗುರುಗಳ ಕರಾರು. 1948ರಲ್ಲಿ ಪ್ರೌಢಪ್ರಬಂಧ ಒಪ್ಪಿತವಾಯಿತು. ಅದರ ವಿಷಯ ಜೀವಿಗಳ ವರ್ಗೀಕರಣದಲ್ಲಿ ಏಳುವ ಸಂಖ್ಯಾಶಾಸ್ತ್ರದ ಸಮಸ್ಯೆಗಳು. ಅದನ್ನು ಸಂಖ್ಯಾಶಾಸ್ತ್ರವೆನ್ನೋಣವೋ ಜೀವಸಂಖ್ಯಾಶಾಸ್ತ್ರವೆನ್ನೋಣವೋ? ಎರಡೂ ಸರಿ. ಸಂಖ್ಯಾಶಾಸ್ತ್ರ ವಿಭಾಗಗಳ ಪಟ್ಟಿ ಹಿಡಿದು ಹುಡುಕಿದವನಿಗೆ ಮಾತ್ರ ಈ ಗುರು ಸಿಗುತ್ತಲೇ ಇರಲಿಲ್ಲ.

ಇನ್ನೊಂದು ಉದಾಹರಣೆ ಕರಾವಳಿಯದು. ಗೋಪಿನಾಥ ಕಲ್ಯಾಣಪುರ ಅವರು 1925ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಗಡಿ ಹೇಳಿದಂತೆ ಮದರಾಸು ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿಂದ ಮುಂದೆ ಅವರು ಹೋದದ್ದು ಆಗಷ್ಟೇ ಕಣ್ಣು ಬಿಟ್ಟಿದ್ದ ಚಾಪೆಲ್ ಹಿಲ್‌ಗೆ. ಹಳೆಯ ಹೆಸರಿನ ಹೊಳಪು ಆ ವಿಭಾಗಕ್ಕೆ ಇರಲಿಲ್ಲ, ಆದರೆ ಹೋಟೆಲಿಂಗ್ ಅವರು ಆರಿಸಿ ಕೂಡಿಸಿದ ಉಪಾಧ್ಯಾಯರಿದ್ದರು. ಅವರಲ್ಲೊಬ್ಬರಾದ ಹರ್ಬರ್ಟ್ ರಾಬಿನ್ಸ್ ಅವರ ಬಳಿ ಕಲ್ಯಾಣಪುರ 1951ರಲ್ಲಿ ಪಿಎಚ್.ಡಿ. ಮುಗಿಸಿದರು. ಸಂಭವನೀಯತೆಯ ಸಿದ್ಧಾಂತದಲ್ಲಿ ಅವರದು ದೊಡ್ಡ ಹೆಸರು. 1976ರಿಂದ 1979ರವರೆಗೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ನಿರ್ದೇಶಕರಾಗಿದ್ದರು.

ಚಾಪೆಲ್ ಹಿಲ್‌ನ ಕಥೆಯಲ್ಲಿ ಇನ್ನೊಂದು ಪಾಠವೂ ಅಡಗಿದೆ. ಕಲ್ಕತ್ತೆಯ ಇಬ್ಬರು ಹಿರಿಯ ಗುರುಗಳಾದ ಆರ್. ಸಿ. ಬೋಸ್ 1949ರಲ್ಲಿ, ಎಸ್. ಎನ್. ರಾಯ್ 1950ರಲ್ಲಿ ಆ ಊರಿಗೆ ಹೊರಟುಹೋದರು. ಬೋಸರನ್ನು ನಂಬಿ 1950ರಲ್ಲಿ ಕಲ್ಕತ್ತೆಗೆ ಬಂದ ವಿದ್ಯಾರ್ಥಿಗೆ ಅವರ ಖಾಲಿ ಕುರ್ಚಿ ಮಾತ್ರ ಕಾಣುತ್ತಿತ್ತು. ಒಬ್ಬನೇ ಗುರುವನ್ನು ನಂಬಿ ಊರನ್ನು ಆರಿಸುವುದು ಅಪಾಯ. ತನ್ನ ಪ್ರಶ್ನೆಗೆ ಹತ್ತಿರದವರು ಇಬ್ಬರು ಮೂವರಾದರೂ ಇರುವ ಕಡೆ ಹೋಗುವುದು ಕ್ಷೇಮ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅದನ್ನು ಕಲಿಸುವುದೂ ಸಂಖ್ಯಾಶಾಸ್ತ್ರವೇ. ಗೆದ್ದವರನ್ನಷ್ಟೇ ಎಣಿಸಿ ತೀರ್ಮಾನಕ್ಕೆ ಬರಬಾರದು. ಅರ್ಜಿ ತಡವಾಗಿ ತಿರಸ್ಕೃತರಾದ ರಾವ್ ಕಲ್ಕತ್ತೆಯಲ್ಲಿ ದಾರಿ ಕಂಡರು. ಹಾಗೆಯೇ ತಿರಸ್ಕೃತರಾಗಿ, ದಾರಿಯಲ್ಲಿ ಯಾರೂ ಭೇಟಿಯಾಗದೆ, ಎಲ್ಲೋ ಗುಮಾಸ್ತರಾಗಿ ಉಳಿದವರ ಜೀವನಚರಿತ್ರೆಯನ್ನು ಯಾರು ಬರೆದಿದ್ದಾರೆ? ಪ್ರತಿಭೆ ಇದ್ದವರಿಗೆ ಹೇಗೋ ದಾರಿ ಸಿಗುತ್ತದೆ ಎಂಬ ಸಮಾಧಾನ ಸಿಕ್ಕವರ ಮಾತು. ದೇವದುರ್ಗದಂಥ ತಾಲ್ಲೂಕಿನಿಂದ ಹೊರಡುವವರು ಅದೃಷ್ಟವನ್ನು ನೆಚ್ಚುವ ಸ್ಥಿತಿಯಲ್ಲಿಲ್ಲ. ಅವರಿಗೆ ಬೇಕಾದದ್ದು ಕಾಲಕ್ಕೆ ಸರಿಯಾಗಿ ದೊರೆಯುವ ತಿಳಿವಳಿಕೆ.

ಆ ಹುಡುಗಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ಹೆಸರು ಆಮ್ಯಾಲೆ ನೋಡೋಣ, ಐದು ವರ್ಷ ನಿನ್ನ ತಲಿ ತಿನ್ನೋ ಪ್ರಶ್ನೆ ಯಾವುದು ಹೇಳವ್ವ." ಅವಳು ಬಹಳ ಹೊತ್ತು ಯೋಚಿಸಲಿಲ್ಲ. ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಬಾವಿ, ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಬಾವಿಯಲ್ಲಿ ಹೆಚ್ಚಿದ್ದರೆ ಪಕ್ಕದ ಬಾವಿಯಲ್ಲಿ ಎಷ್ಟಿರಬಹುದು? ಆ ನೀರು ಕುಡಿಯುವ ಮಕ್ಕಳ ಹಲ್ಲು, ಮೂಳೆಗಳನ್ನು ವರ್ಷ ವರ್ಷವೂ ನೋಡುತ್ತ ಹೋದರೆ ಲೆಕ್ಕ ಹೇಗೆ ಕಟ್ಟಬೇಕು? ಒಂದೇ ಮಗುವನ್ನು ಮತ್ತೆ ಮತ್ತೆ ಅಳೆದ ಅಂಕಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬೇರೆಬೇರೆ ಮಕ್ಕಳ ಅಂಕಿಗಳಂತೆ ಅವನ್ನು ಎಣಿಸಲಾಗದು. ಇದನ್ನು ಬಿಡಿಸುವುದು ಜೀವಸಂಖ್ಯಾಶಾಸ್ತ್ರದ ಒಂದು ದೊಡ್ಡ ಶಾಖೆ. ಸ್ಥಳಕ್ಕೂ ಅಳತೆಗೂ ಇರುವ ಸಂಬಂಧ ಇನ್ನೊಂದು ಶಾಖೆ.

ಪ್ರಶ್ನೆ ಸಿಕ್ಕಿದ ಮೇಲೆ ನಲವತ್ತು ಹೆಸರು ತಾವಾಗಿಯೇ ಕರಗತೊಡಗಿದವು. ಈ ಎರಡು ವಿಷಯಗಳಲ್ಲಿ ಈಚಿನ ಐದು ವರ್ಷ ಬರೆದವರು ಇಬ್ಬರಾದರೂ ಇಲ್ಲದ ವಿಭಾಗಗಳನ್ನು ಹೊಡೆದು ಹಾಕಿದಳು. ಆಮೇಲೆ ಅನ್ನದ ಪ್ರಶ್ನೆ. ಅಮೆರಿಕದ ಸಂಖ್ಯಾಶಾಸ್ತ್ರ ವಿಭಾಗಗಳಲ್ಲಿ ಡಾಕ್ಟರೇಟು ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಬೋಧನಾಶುಲ್ಕ ಮನ್ನಾ, ಪಾಠದ ಕೆಲಸಕ್ಕೆ ವೇತನ. ಜೀವಸಂಖ್ಯಾಶಾಸ್ತ್ರದಲ್ಲಿ ಕೆಲವು ಕಡೆ ವೇತನ ಬರುವುದು ಅಲ್ಲಿಯ ಸರ್ಕಾರದ ಆರೋಗ್ಯ ಸಂಸ್ಥೆಗಳ ತರಬೇತಿ ನಿಧಿಯಿಂದ. ಆ ನಿಧಿ ಅವರ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಮಾತ್ರ. ಹೊರಗಿನವರಿಗೆ ಬೇರೆ ಏರ್ಪಾಡು ಉಂಟೇ ಎಂದು ಅರ್ಜಿಗೆ ಮೊದಲೇ ಕೇಳಬೇಕು. ಕೇಳಿಕೊಂಡರೆ ಅರ್ಜಿ ಶುಲ್ಕ ಬಿಡುವ ವಿಭಾಗಗಳೂ ಇವೆ, ಜಿ.ಆರ್.ಇ. ಪರೀಕ್ಷೆಯನ್ನು ಕೈಬಿಟ್ಟವೂ ಹಲವು. ಸಂಕೋಚದಿಂದ ಕೇಳದೆ ಸುಮ್ಮನಿದ್ದರೆ ನಷ್ಟ ನಮ್ಮದೇ.

ಪರದೇಶವೊಂದೇ ದಾರಿಯೂ ಅಲ್ಲ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಒಂದು ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲಿದೆ. ಅದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಜೀವಸಂಖ್ಯಾಶಾಸ್ತ್ರದ ವಿಭಾಗವುಂಟು. ಅಲ್ಲಿ ಅಂಕಿ ಅಂಶಗಳು ರೋಗಿಯ ಹಾಸಿಗೆಯ ಪಕ್ಕದಿಂದಲೇ ಬರುತ್ತವೆ. ಧಾರವಾಡ, ಮೈಸೂರು, ಕಲಬುರಗಿಯ ವಿಶ್ವವಿದ್ಯಾಲಯಗಳಲ್ಲೂ ಸಂಖ್ಯಾಶಾಸ್ತ್ರ ವಿಭಾಗಗಳಿವೆ. ಸಿ.ಎಸ್.ಐ.ಆರ್. ಹೆಸರಿನ ಅರ್ಹತಾ ಪರೀಕ್ಷೆಯಲ್ಲಿ ಗಣಿತ ವಿಜ್ಞಾನಗಳ ಪತ್ರಿಕೆಯ ಮೂಲಕ ಸಂಶೋಧನಾ ವೇತನ ಪಡೆದರೆ ಅನ್ನದ ಚಿಂತೆ ನೀಗುತ್ತದೆ. ಅವಳ ಕೊನೆಯ ಏಳರಲ್ಲಿ ಎರಡು ನಮ್ಮ ದೇಶದವು. ಉಳಿದ ಐದರಲ್ಲಿ ಮೊದಲು ಬರೆದುಕೊಂಡಿದ್ದ ದೊಡ್ಡ ಹೆಸರು ಒಂದೇ ಒಂದು ಉಳಿಯಿತು.

ಸಿ. ಆರ್. ರಾವ್ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದು, ಅದೇ ವರ್ಷದ ಆಗಸ್ಟ್ 22ರಂದು ತಮ್ಮ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹುಟ್ಟಿದ ಕಾಲದ ಗಡಿಗಳೂ ಹೋಗಿವೆ. ಬಳ್ಳಾರಿ 1953ರಲ್ಲಿ, ರಾಯಚೂರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. 2012ರಲ್ಲಿ ಅಂಗೀಕಾರವಾದ 371ಜೆ ವಿಧಿಯಿಂದ ನಮ್ಮ ಸೀಮೆಗೆ ವಿದ್ಯೆಯಲ್ಲೂ ಉದ್ಯೋಗದಲ್ಲೂ ಮೀಸಲು ದೊರೆಯಿತು. ಯಾವ ಊರಿಗೆ ಹೋಗಬೇಕೆಂದು ಗಡಿ ಹೇಳುತ್ತಿದ್ದ ಕಾಲ ಮುಗಿಯಿತು. ಆದರೆ ಬಲ್ಲವರು ಹತ್ತಿರವಿರುವ ಮನೆಯ ಮಕ್ಕಳಿಗೂ ಇಲ್ಲದ ಮನೆಯ ಮಕ್ಕಳಿಗೂ ನಡುವೆ ಇನ್ನೊಂದು ಗಡಿ ಉಳಿದಿದೆ. ಅದನ್ನು ಅಳಿಸುವುದಕ್ಕೆ ಯಾವ ಆಯೋಗವೂ ಬೇಕಿಲ್ಲ. ಯಾವ ವಿಭಾಗದಲ್ಲಿ ಯಾರು ಏನು ಓದಿಸುತ್ತಾರೆ, ಅರ್ಜಿಗೆ ಕೊನೆಯ ದಿನ ಯಾವುದು, ವೇತನ ಯಾರಿಗೆ ಸಲ್ಲುತ್ತದೆ, ಇಷ್ಟನ್ನು ಪ್ರತಿ ವರ್ಷ ಮಳೆಗಾಲ ಮುಗಿಯುವ ಮುನ್ನ ಒಂದು ಹಾಳೆಯಲ್ಲಿ ಬರೆದು ಕಾಲೇಜಿನ ಸೂಚನಾಫಲಕಕ್ಕೆ ಅಂಟಿಸುವ ಒಬ್ಬ ಉಪಾಧ್ಯಾಯರು ಸಾಕು. ಅವರು ಯಾವ ವಿಷಯದವರಾದರೂ ಆದೀತು.